ನಾಲ್ಕನೆಯ ಮೂಲೆ

ಸಾವಿನ ಮನೆಗೆ ಹೊರಟವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟದ್ದು ತಪ್ಪಾಯಿತೇನೋ ಎಂಬ ಯೋಚನೆ ಉತ್ತಮಪಾಳಯಂ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿ, ಬಸ್ಸು ಕಂಬಂ ದಾಟಿದರೂ ಮಾದವನ್‌ನನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಫೋನು ಬಂದಾಗ ಅವನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ. "ಸಾರ್, ಅಪ್ಪ ಹೋಗ್ಬಿಟ್ರು" ಎಂದಿದ್ದ ಜೀವಾ, ಪಿಚ್ಚೈಯ ಮಗ. ಬಾಯಿ ತುಂಬ ನೊರೆ. ಉಗಿಯಲೋ ನುಂಗಲೋ ತಿಳಿಯದೆ ಮಾದವನ್ "ಹೂಂ" ಎಂದ. ಆ ಕಡೆ ಜೀವಾ ಸ್ವಲ್ಪ ಹೊತ್ತು ಕಾದ, ಬಿಕ್ಕಳಿಸಿದ ಹಾಗೂ ಇತ್ತು, ಆಮೇಲೆ ಫೋನು ಇಟ್ಟ. ನಲವತ್ತು ವರ್ಷದ ಗೆಳೆಯ ಸತ್ತ ಸುದ್ದಿಗೆ ತಾನು ಕೊಟ್ಟದ್ದು ಒಂದು ಹೂಂ. ಬಾಯಿ ತೊಳೆದು ಮತ್ತೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಬದಲಿಗೆ ಸುಬ್ಬುಲಕ್ಷ್ಮಿ ಬೀರುವಿನಿಂದ ತೆಗೆದುಕೊಟ್ಟ ಅಂಗಿಯನ್ನು, ಅದರ ಮಡಿಕೆ ನೋಡದೆಯೇ, ತೊಟ್ಟುಕೊಂಡ. "ಬಿಸಿಲಲ್ಲಿ ನಿಲ್ಲಬೇಡಿ, ಮಾತ್ರೆ ಜೇಬಲ್ಲಿ ಇಟ್ಟಿದೀನಿ" ಎಂದಳು ಹೆಂಡತಿ. ಹೋದ ವರ್ಷ ಮಧುರೆಯಲ್ಲಿ ಅವನ ಎದೆಗೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ಅವಳ ಮಾತೆಲ್ಲ ಬಿಸಿಲು, ಮೆಟ್ಟಿಲು, ಉಪ್ಪು ಇವುಗಳ ಸುತ್ತಲೇ ಇತ್ತು. ಈಗ ಬಸ್ಸಿನ ಕಿಟಕಿಯ ಪಕ್ಕ ಕೂತು, ತೋಳಿನ ಮೇಲೆ ಕತ್ತಿಯಂತೆ ನಿಂತಿದ್ದ ಇಸ್ತ್ರಿಯ ಗೆರೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ ಸುಕ್ಕು ಮಾಡಲು ನೋಡಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನನ್ನು ವಿಚಿತ್ರವಾಗಿ ನೋಡಿ ತನ್ನ ಬಾಳೆಗೊನೆಯನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡಳು.

ಸಾರ್. ಅಪ್ಪನ ಕಾಲೇಜಿನ ಗೆಳೆಯರಲ್ಲಿ ತಂಗವೇಲ್‌ನನ್ನು ಜೀವಾ ಚಿತ್ತಪ್ಪಾ, ಚಿಕ್ಕಪ್ಪಾ, ಎನ್ನುತ್ತಿದ್ದ. ಸೇಕರ್‌ನನ್ನೂ ಚಿತ್ತಪ್ಪಾ ಎನ್ನುತ್ತಿದ್ದ. ಅಪ್ಪನ ಒಡಹುಟ್ಟಿದವರು ಎಂದೇ ಅವರನ್ನು ತಿಳಿದು ಬೆಳೆದ ಹುಡುಗ. ಮಾದವನ್ ಮಾತ್ರ ಅವನಿಗೆ ಮಾತು ಬಂದಾಗಿನಿಂದ ಸಾರ್. ಮಾದವನ್ ಮೇಷ್ಟರಾಗಿದ್ದದ್ದು ನಿಜ, ಆದರೆ ಜೀವಾಗೆ ಒಂದು ದಿನವೂ ಪಾಠ ಹೇಳಿದವನಲ್ಲ. ಯಾರು ಕಲಿಸಿದರು ಅದನ್ನು? ಪಿಚ್ಚೈಯೇ ಇರಬೇಕು. ಅವನು ಹೀಗೆಯೇ ಎಷ್ಟೋ ಸಣ್ಣ ಸಣ್ಣ ಏರ್ಪಾಡುಗಳನ್ನು ಯಾರಿಗೂ ತಿಳಿಯದಂತೆ ಮಾಡಿಟ್ಟಿದ್ದ. ಪಿಚ್ಚೈ ಉತ್ತಮಪಾಳಯಕ್ಕೆ ಬಂದಾಗೆಲ್ಲ ಇಬ್ಬರೂ ಸೇರುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ. ಒಕ್ಕಲು ಬೀದಿಯ ಮಾದವನ್‌ನ ಮನೆ ಅಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. "ಇಲ್ಲೇ ಬಾಡಾ, ಬಸ್ಸು ನೋಡ್ಕೊಂಡು ಕೂರೋಣ" ಎಂಬ ಮಾತನ್ನು ಮೊದಲು ಆಡಿದವನು ತಾನೋ ಅವನೋ ಎಂದು ನೆನಪಿಸಿಕೊಳ್ಳಲು ಮಾದವನ್ ಈ ಬೆಳಿಗ್ಗೆಯಿಂದ ಹೆಣಗುತ್ತಿದ್ದ. ನಲವತ್ತು ವರ್ಷದಲ್ಲಿ ಪಿಚ್ಚೈ ಅವನ ಮನೆಯ ಹೊಸ್ತಿಲು ದಾಟಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಮಾದವನ್‌ನ ತಾಯಿ ಕಾಮಾಕ್ಷಿಯಮ್ಮಾಳ್ ಬದುಕಿದ್ದಾಗ ಆಕೆ ಒಂದು ಒರಟು ಮಾತು ಆಡಿದ್ದರೆ, ಒಂದು ಲೋಟವನ್ನು ಬೇರೆ ಇಟ್ಟಿದ್ದರೆ, ಸಿಟ್ಟು ಮಾಡಲು, ಜಗಳವಾಡಲು, ಮನೆ ಬಿಟ್ಟು ಹೋಗಲು ಒಂದು ನೆಪ ಇರುತ್ತಿತ್ತು. ಏನೂ ನಡೆಯಲೇ ಇಲ್ಲ. ನಡೆಯದಂತೆ ಇಬ್ಬರೂ ಸೇರಿ ನೋಡಿಕೊಂಡಿದ್ದರು, ಟೀ ಕುಡಿಯುತ್ತ.

ಬೆಟ್ಟ ಹತ್ತಿರವಾಗುತ್ತಿತ್ತು. ಕುಮಳಿಯ ಘಾಟಿಗೆ ಹೋಗುವ ಲಾರಿಗಳು ಬಸ್ಸನ್ನು ಹಿಂದೆ ಹಾಕಿ ಹೋಗುತ್ತಿದ್ದವು. ರಸ್ತೆಯ ಎಡಕ್ಕೆ ದ್ರಾಕ್ಷಿ ಚಪ್ಪರಗಳು, ಅವುಗಳ ಕೆಳಗೆ ಬಗ್ಗಿ ನಡೆಯುವ ಹೆಂಗಸರ ಕಾಲುಗಳು ಮಾತ್ರ ಕಾಣುತ್ತಿದ್ದವು. ಪಿಚ್ಚೈಯ ತಾಯಿ ಇಂಥ ಚಪ್ಪರದ ಕೆಳಗೇ ಬಾಳು ಸವೆಸಿದವಳು. ಚಪ್ಪರದ ಒಡೆಯರು ಮಾದವನ್‌ನ ಜನ, ಎಷ್ಟೋ ತಲೆಮಾರಿನ ಹಿಂದೆ ಮೇಲುಸೀಮೆಯಿಂದ ಇಳಿದು ಬಂದು, ಮನೆಯೊಳಗೆ ಇಂದಿಗೂ ಕನ್ನಡ ಆಡುವ ಒಕ್ಕಲು ಜನ. ಹಾಗಾಗಿ ದಿಂಡಿಗಲ್ಲಿನ ಕಾಲೇಜು ಹಾಸ್ಟೆಲಿನ ನಲ್ಲಿಯ ಹತ್ತಿರ, ಮೊದಲ ವಾರ, ಕಪ್ಪಗೆ ಕುಳ್ಳಗೆ ಇದ್ದ ಒಬ್ಬ ಹುಡುಗ ಬಕೆಟು ಹಿಡಿದು "ನನಗೆ ನಿಮ್ಮ ಮಾತು ಬರ್ತದೆ" ಎಂದಾಗ ಮಾದವನ್‌ಗೆ ಆಶ್ಚರ್ಯವಾಗಿತ್ತು. "ಏನು ಬರ್ತದೆ, ಹೇಳು." ಪಿಚ್ಚೈ ಬೆರಳು ಮಡಿಸುತ್ತ ಹೇಳಿದ: "ಬಾ. ಹೋಗು. ಎತ್ತು. ಇಳಿಸು. ಬಿರ್‍ನೆ ನಡಿ. ದೂರ ನಿಲ್ಲು." ಮಾದವನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪಿಚ್ಚೈಯೂ ನಕ್ಕ. ಎಷ್ಟೋ ವರ್ಷ ಕಳೆದು, ಶಾಲೆಯ ಕರಿಹಲಗೆಯ ಮೇಲೆ ವ್ಯಾಕರಣದ ಪಾಠಕ್ಕೆಂದು ಕ್ರಿಯಾಪದದ ರೂಪಗಳನ್ನು ಬರೆಯುತ್ತಿದ್ದಾಗ ಸೀಮೆಸುಣ್ಣ ಹಾಗೇ ಮಾದವನ್‌ನ ಕೈಯಲ್ಲಿ ನಿಂತುಬಿಟ್ಟಿತ್ತು. ಒಂದು ಇಡೀ ಭಾಷೆ ಆ ಹುಡುಗನ ಕಿವಿಗೆ ಅಪ್ಪಣೆಯಾಗಿ ಮಾತ್ರ ಬಿದ್ದಿತ್ತು, ಅದೂ ಅವನ ತಾಯಿಗೆ ಕೊಟ್ಟ ಅಪ್ಪಣೆ. ಉಳಿದ ರೂಪಗಳನ್ನು ಹಾಸ್ಟೆಲಿನಲ್ಲಿ ಮಾದವನ್ ಕಲಿಸಿದ. ಬರ್ತೀನಿ, ಉಂಡ್ಯಾ, ಮರೆತೋಯ್ತು. ಪಿಚ್ಚೈಗೆ ಎಷ್ಟು ಸಲ ಹೇಳಿದರೂ ನಾಲಿಗೆಗೆ ಹತ್ತದೇ ಇದ್ದದ್ದು "ಹೋಗೋಣ". ಅದು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಚಪ್ಪರದ ಕೆಳಗೆ ಅವನ ತಾಯಿಗೆ ಯಾರು ಹೇಳಿಯಾರು, ಹೋಗೋಣ ಎಂದು? ಆಮೇಲೆ ಆ ಮಾತು ಅವನಿಗೆ ಎಷ್ಟು ಇಷ್ಟವಾಯಿತೆಂದರೆ ಸುಮ್ಮಸುಮ್ಮನೆ, ಎಲ್ಲಿಗೂ ಹೋಗುವುದಿಲ್ಲದಾಗಲೂ, ಹೋಗೋಣ ಎನ್ನುತ್ತಿದ್ದ. ಈಗ ಮಾದವನ್‌ನ ಮಕ್ಕಳಿಗೆ ಮನೆಮಾತು ತಿಳಿಯುತ್ತದೆ, ಆದರೆ ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಒಕ್ಕಲು ಬೀದಿಯ ಹೊರಗೆ ಅವನೊಂದಿಗೆ ಆ ಮಾತು ಆಡುತ್ತಿದ್ದವನು ಪಿಚ್ಚೈಯೊಬ್ಬನೇ.

ಗೂಡಲೂರಿನಲ್ಲಿ ಇಳಿದಾಗ ಪಿಚ್ಚೈಯ ಜನರಿದ್ದ ಕಾಲೊನಿಯ ದಾರಿ ಕೇಳಬೇಕಾಗಲಿಲ್ಲ. ತಮಟೆಯ ಸದ್ದು ಬಸ್ ನಿಲ್ದಾಣಕ್ಕೇ ಕೇಳುತ್ತಿತ್ತು. ಬೀದಿಯ ಬಾಯಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ತೋಳ್ ಕೂಟವನ್ನು ಕಟ್ಟಿದ ನಾಲ್ವರು ಎಂದು ಮೇಲೆ ಬರೆದು, ಕೆಳಗೆ ನಾಲ್ಕು ಮುಖ. ತಂಗವೇಲ್, ಪಳನಿ ಬೆಟ್ಟದ ಕೆಳಗೆ ಹರಕೆಯವರ ತಲೆ ಬೋಳಿಸುತ್ತಿದ್ದವನ ಮಗ. ಸೇಕರ್, ದಿಂಡಿಗಲ್ಲಿನ ಬೀಗ ಮಾಡುವವನ ಮಗ. ನಡುವೆ ಪಿಚ್ಚೈ, ಕರೆಂಟ್ ಆಫೀಸಿನ ಗುರುತಿನ ಚೀಟಿಯ ಫೋಟೋ. ಕೊನೆಯಲ್ಲಿ ಮಾದವನ್, ಮಗಳ ಮದುವೆಯಲ್ಲಿ ತೆಗೆದದ್ದು, ಜರಿ ಶಲ್ಯ ಹೊದ್ದು ನಗುತ್ತಿದ್ದಾನೆ. ಸತ್ತ ಮೂವರ ಪಕ್ಕದಲ್ಲಿ ತಾನು ಹಾಗೆ ನಗುತ್ತಿರುವುದನ್ನು ನೋಡಿ ಅವನಿಗೆ ನಾಚಿಕೆಯಾಯಿತು. ತಮಿಳಿನಲ್ಲಿ ತೋಳ್ ಎಂದರೆ ಹೆಗಲು. "ನಮ್ಮ ಮಾತಲ್ಲಿ ತೋಳು ಅಂದ್ರೆ ಕೈ" ಎಂದು, ಹಾಸ್ಟೆಲಿನಲ್ಲಿ ಕೂಟಕ್ಕೆ ಹೆಸರಿಡುವ ದಿನ, ಮಾದವನ್ ತಕರಾರು ಮಾಡಿದ್ದ. ಪಿಚ್ಚೈ ಹೇಳಿದ್ದ, "ಇರಲಿ ಬಿಡಡಾ. ಹೆಗಲು ಒಂದು ಕಡೆ, ಕೈ ಇನ್ನೊಂದು ಕಡೆ ಅಂತ ಯಾರಿಗಾದ್ರೂ ಇದ್ದಾತಾ?" ಕೂಟಕ್ಕೆ ಇದ್ದದ್ದು ಒಂದೇ ಕಟ್ಟಳೆ. ನಮ್ಮಲ್ಲಿ ಯಾರು ಸತ್ತರೂ ಉಳಿದವರು ಹೆಗಲು ಕೊಡಬೇಕು. ಯಾರ ಮನೆ, ಯಾವ ಬೀದಿ ಎಂದು ನೋಡಬಾರದು. ತಂಗವೇಲ್ ಲಾರಿಗೆ ಸಿಕ್ಕಿ ಸತ್ತಾಗ ಮೂವರೂ ಪಳನಿಗೆ ಹೋಗಿ ಹೊತ್ತರು. ಸೇಕರ್ ಕೊರೋನಾದಲ್ಲಿ ಹೋದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮುನಿಸಿಪಾಲಿಟಿ ಗಾಡಿಯಲ್ಲಿ ಒಯ್ದದ್ದನ್ನು ಇಬ್ಬರೂ ರಸ್ತೆಯ ಆಚೆ ನಿಂತು ನೋಡಿದರು. "ಒಂದು ಬೆರಳು ಮುಟ್ಟಕ್ಕೂ ಆಗ್ಲಿಲ್ವಲ್ಲಡಾ" ಎಂದು ಪಿಚ್ಚೈ ಅಂದು ಮುಖಗವಸಿನೊಳಗೇ ಅತ್ತಿದ್ದ. ಬಟ್ಟೆ ತೊಯ್ದು ಬಾಯಿಗೆ ಅಂಟಿಕೊಂಡಿತ್ತು.

ಮನೆಯ ಮುಂದೆ ಶಾಮಿಯಾನ. ಗಾಜಿನ ಪೆಟ್ಟಿಗೆಯಲ್ಲಿ ಪಿಚ್ಚೈ. ಮಾದವನ್‌ನನ್ನು ಕಂಡದ್ದೇ ಪಿಚ್ಚೈಯ ಹೆಂಡತಿ ಕಲೈಸೆಲ್ವಿ ಪೆಟ್ಟಿಗೆಯ ಮೇಲೆ ಎರಡೂ ಕೈ ಬಡಿದು, "ಏಳಿ, ಏಳಿ, ಯಾರು ಬಂದಿದಾರೆ ನೋಡಿ, ನಿಮ್ಮ ಒಡಹುಟ್ಟು ಬಂದಿದಾರೆ, ಇನ್ನೂ ಮಲಗೇ ಇದೀರಲ್ಲ" ಎಂದು ಕೂಗಿ ಅತ್ತಳು. ಸುತ್ತ ಕೂತಿದ್ದ ಹೆಂಗಸರ ಅಳು ಒಮ್ಮೆಲೇ ಏರಿತು. ಮಾದವನ್ ಬಗ್ಗಿ ನೋಡಿದ. ಗಾಜಿನ ಒಳಮೈಗೆ ಹನಿ ಕಟ್ಟಿ ಮುಖ ಮಸುಕಾಗಿ ಕಾಣುತ್ತಿತ್ತು. ಕೈಯಲ್ಲಿ ಒರೆಸಲು ಹೋದ, ಹನಿ ಇದ್ದದ್ದು ಒಳಗಡೆ. ಅಷ್ಟರಲ್ಲಿ ಯಾರೋ ಬೆನ್ನಿಗೆ ಮೃದುವಾಗಿ ಕೈಯಿಟ್ಟು "ಬನ್ನಿ ಅಯ್ಯಾ, ಕೂತ್ಕೊಳ್ಳಿ" ಎಂದರು. ಮುಂದಿನ ಸಾಲಿನಲ್ಲಿ ಕೈಯಿರುವ ಒಂದು ಕುರ್ಚಿ, ಅದರ ಮೇಲೆ ಒಗೆದ ಟವೆಲ್ಲು ಹಾಸಿತ್ತು. ಉಳಿದ ಗಂಡಸರು ಕೈಯಿಲ್ಲದ ಸ್ಟೂಲುಗಳ ಮೇಲೆ, ಬೆಂಚಿನ ಮೇಲೆ, ನೆಲದ ಮೇಲೆ. ಕೂರುವ ಮುಂಚೆ ಅವನು ಒಂದು ಕ್ಷಣ ತಡೆದ. ಈ ಮನೆಗೆ ಅವನು ಎಷ್ಟು ಸಲ ಬಂದಿದ್ದನೋ ಅಷ್ಟು ಸಲವೂ ಎಲ್ಲಿಂದಲೋ ಒಂದು ಕುರ್ಚಿ ಬಂದಿತ್ತು. ಪಕ್ಕದ ಮನೆಯಿಂದ, ಒಮ್ಮೆ ಬೀದಿಯಾಚೆಯ ಕ್ಷೌರದಂಗಡಿಯಿಂದ. ಅಷ್ಟು ಸಲವೂ ಅವನು ಕೂತಿದ್ದ. ಪಿಚ್ಚೈ ಎದುರಿಗೆ ಚಾಪೆಯ ಮೇಲೆ ಕೂತು ತಲೆಯೆತ್ತಿ ಮಾತಾಡುತ್ತಿದ್ದ, ಅದು ಇಬ್ಬರಿಗೂ ಸಹಜವಾಗಿತ್ತು. ಹಾಸ್ಟೆಲಿನಲ್ಲಿ ಒಂದೇ ತಟ್ಟೆಗೆ ನಾಲ್ಕು ಕೈ ಇಳಿಯುತ್ತಿದ್ದಾಗ ಯಾರೂ ಯಾರಿಗೂ ಕುರ್ಚಿ ತಂದಿರಲಿಲ್ಲ. ಕಟ್ಟಿದ್ದು ಕೂಟವನ್ನೋ ಅಥವಾ ಆ ಮೂರು ವರ್ಷಕ್ಕೆ ಮಾತ್ರ ಬಾಳಿಕೆ ಬರುವ ಒಂದು ಕೋಣೆಯನ್ನೋ? ನಿಂತೇ ಇರೋಣ ಎನ್ನಿಸಿತು. ನಿಂತರೆ ಅದೂ ಒಂದು ಪ್ರದರ್ಶನವಾಗುತ್ತದೆ ಎನ್ನಿಸಿತು. ಅಲ್ಲದೆ ಬಿಸಿಲಲ್ಲಿ ನಡೆದು ಬಂದು ಎದೆ ಹೊಡೆದುಕೊಳ್ಳುತ್ತಿತ್ತು. ಕೂತ. ಒಬ್ಬ ಹುಡುಗಿ ಸೋಡಾ ತಂದುಕೊಟ್ಟಳು. ಅವನೊಬ್ಬನಿಗೇ.

ದಿಂಡಿಗಲ್ಲಿನಿಂದ ವ್ಯಾನಿನಲ್ಲಿ ಕೂಟದ ಈಗಿನ ಹುಡುಗರು ಬಂದಿದ್ದರು. ಈಗ ಅದು ಐದಾರು ಕಾಲೇಜಿಗೆ ಹರಡಿದೆ. ಬಾವುಟ ಇದೆ, ಎದೆಗೆ ಸಿಕ್ಕಿಸುವ ಬ್ಯಾಡ್ಜು ಇದೆ. ಪ್ರತಿ ಜೂನ್‌ನಲ್ಲಿ ಹೊಸ ಹುಡುಗರು ಸೇರುವ ದಿನ ಪಿಚ್ಚೈ ರಜೆ ಹಾಕಿ ಹೋಗಿ ಬರುತ್ತಿದ್ದ. ಮಾದವನ್ ಮೊದಲು ಕೆಲವು ವರ್ಷ ಹೋದ, ಆಮೇಲೆ ಪರೀಕ್ಷೆಯ ಪೇಪರು, ತಾಯಿಯ ಕಾಯಿಲೆ, ಮಗಳ ಮದುವೆ. ಅವರ ಮುಂದಾಳು ಹರಿಹರನ್, ಚಿಕ್ಕ ವಯಸ್ಸಿನ ವಕೀಲ, ಮೈಕು ಹಿಡಿದು ಮಾತಾಡಿದ. ಮೊದಲ ವರ್ಷದ ಒಬ್ಬ ಬಡ ಹುಡುಗ ಕಾಮಾಲೆಯಾಗಿ ಹಾಸ್ಟೆಲಿನಲ್ಲೇ ಸತ್ತದ್ದು, ಹೆಣ ಒಯ್ಯಲು ಬಂದ ಅವನ ಅಪ್ಪ ಒಂಟಿಯಾಗಿ ನಿಂತದ್ದು, ಕಕ್ಕಸು ತೊಳೆಯುವವನ ಮಗ ಎಂದು ಇಡೀ ಹಾಸ್ಟೆಲು ಕೈಕಟ್ಟಿ ನೋಡಿದ್ದು, ಎಲ್ಲವನ್ನೂ ಕೂಟ ಹುಟ್ಟಿದ ಕಥೆಯಾಗಿ ಹೇಳಿದ. "ಆಗ ಮೂವರು ಮಂಚಕ್ಕೆ ಕೈ ಹಾಕಿದರು. ಮೂರು ಮೂಲೆ ಎದ್ದಿತು, ನಾಲ್ಕನೆಯ ಮೂಲೆ ಏಳಲಿಲ್ಲ. ಆ ಗುಂಪಿನಿಂದ, ಯಾರೂ ಕರೆಯದೆ, ತಾನಾಗಿ ಒಬ್ಬರು ಬಂದು ನಾಲ್ಕನೆಯ ಮೂಲೆ ಹಿಡಿದರು. ಮೇಲಿನ ಕುಲದಲ್ಲಿ ಹುಟ್ಟಿ ನಮಗಾಗಿ ಇಳಿದು ಬಂದ ಮಾದವನ್ ಅಯ್ಯಾ ಇಂದು ನಮ್ಮ ನಡುವೆ ಕೂತಿದ್ದಾರೆ." ಎಲ್ಲರೂ ತಿರುಗಿ ನೋಡಿದರು. ಮಾದವನ್ ಸೋಡಾ ಬಾಟಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಗಳ ನಡುವೆ ಇಟ್ಟುಕೊಂಡ.

ಯಾರೂ ಕರೆಯದೆ ಅಲ್ಲ. ಅಂದು ಮಾದವನ್ ಗುಂಪಿನಲ್ಲಿ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದ, ಮನಸ್ಸಿನಲ್ಲಿ ಇದು ಬೇಗ ಮುಗಿದರೆ ಸಾಕು ಎಂದುಕೊಳ್ಳುತ್ತ. ಪಿಚ್ಚೈ ಮಂಚದ ಮೂಲೆ ಹಿಡಿದು ತಲೆಯೆತ್ತಿ ಒಬ್ಬೊಬ್ಬರ ಮುಖ ನೋಡುತ್ತ ಬಂದ, ನೋಟ ಇವನ ಮೇಲೆ ನಿಂತಿತು. ತಮಿಳಿನಲ್ಲಿ ಕರೆದಿದ್ದರೆ ಎಲ್ಲರಿಗೂ ಕೇಳುತ್ತಿತ್ತು, ಆಗ ಒಬ್ಬನನ್ನೇ ಕರೆದ ಹಾಗಾಗುತ್ತಿರಲಿಲ್ಲ. ಅವನು ಕನ್ನಡದಲ್ಲಿ ಹೇಳಿದ. "ಬಾ. ಎತ್ತು." ಅಷ್ಟೇ. ಅಲ್ಲಿದ್ದವರಲ್ಲಿ ಅದು ತಿಳಿದದ್ದು ಇವನೊಬ್ಬನಿಗೆ. ತಿಳಿಯಲಿಲ್ಲ ಎಂದು ನಟಿಸಬಹುದಿತ್ತು, ಉಳಿದವರು ನಂಬುತ್ತಿದ್ದರು, ಪಿಚ್ಚೈ ನಂಬುತ್ತಿರಲಿಲ್ಲ. ತಮ್ಮ ಮನೆಯವರು ಅವನ ತಾಯಿಗೆ ಹೇಳುತ್ತಿದ್ದ ಅದೇ ಧಾಟಿ, ಅದೇ ಏರು. ಮಾದವನ್‌ನ ಕಾಲು ತಾನಾಗಿ ಮುಂದೆ ಹೋಗಿತ್ತು, ಅಪ್ಪಣೆಗೆ ಹೋಗುವ ಹಾಗೆ. ಮಹಡಿಯ ಮೆಟ್ಟಿಲುಗಳನ್ನು ಅವನು ಒಂದೊಂದಾಗಿ ಎಣಿಸುತ್ತ ಇಳಿದ. ಕೆಳಗೆ ಮಂಚ ಇಳಿಸಿದ ಮೇಲೆ ಆ ಅಪ್ಪ ನಾಲ್ವರ ಕಾಲಿಗೂ ಬೀಳಲು ಬಂದಾಗ ಪಿಚ್ಚೈ ಹಿಡಿದು ನಿಲ್ಲಿಸಿದ. ಕಥೆ ಬೆಳೆದದ್ದು ಆಮೇಲೆ, ತಾನಾಗಿ ಬಂದವನು ಎಂದು. ಪಿಚ್ಚೈ ಒಂದು ಸಲವೂ ಅದನ್ನು ತಿದ್ದಲಿಲ್ಲ. ವರ್ಷ ವರ್ಷ ಹೊಸ ಹುಡುಗರ ಮುಂದೆ ಅವನೇ ಹಾಗೆ ಹೇಳುತ್ತಿದ್ದ, ಇವನ ಕಡೆ ನೋಡದೆ. ಈಗ ಎದ್ದು ಮೈಕು ಕೇಳಿ, ಕರೆದವನು ಅಲ್ಲಿ ಪೆಟ್ಟಿಗೆಯಲ್ಲಿದ್ದಾನೆ, ನಾನು ಬರೀ ಬಂದವನು ಎಂದು ಹೇಳಲು ಎಷ್ಟು ಹೊತ್ತು? ಮಾತನ್ನು ಬಾಯೊಳಗೇ ಜೋಡಿಸಿದ. ಜೋಡಿಸಿದ ಮಾತಿನಲ್ಲಿಯೂ ಒಂದು ವಿನಯದ ವಾಸನೆ ಬಂದು ತನ್ನ ಬಗ್ಗೆಯೇ ಹೇಸಿಗೆಯಾಯಿತು. ಹರಿಹರನ್ ಮೈಕನ್ನು ಕಟ್ಟಿಟ್ಟ. ತಮಟೆ ಮತ್ತೆ ಶುರುವಾಯಿತು.

ಹೊತ್ತು ಇಳಿಯುತ್ತಿದ್ದಂತೆ ಚಟ್ಟ ಕಟ್ಟಿದರು. ಹಸಿ ಬಿದಿರು, ತೆಂಗಿನ ಗರಿ, ಸೇವಂತಿಗೆ. ಮಾದವನ್ ಕುರ್ಚಿಯಿಂದೆದ್ದು ಜೀವಾನ ಹತ್ತಿರ ಹೋದ. ಜೀವಾ ಅಪ್ಪನಂತಲ್ಲ, ಎತ್ತರದ ಆಳು. ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ನಿಂತಿದ್ದ.

"ಜೀವಾ, ನಾನೂ ಒಂದು ಹೆಗಲು ಕೊಡ್ತೀನಿ."

ಜೀವಾ ಅವನನ್ನು ನೋಡಿದ. ಕೋಪವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. "ನಿಮ್ಮ ಮೈ ಸರಿಯಿಲ್ಲ ಸಾರ್. ಸ್ಮಶಾನ ಗದ್ದೆಯಾಚೆ, ದೂರ ಇದೆ. ಬದುವಿನ ಮೇಲೆ ನಡೀಬೇಕು."

"ಮಾತು ಕೊಟ್ಟಿದ್ವಿ ನಾವು."

"ಗೊತ್ತು. ಅಪ್ಪ ಹೇಳಿದ್ರು." ಜೀವಾ ತಲೆಯ ನೀರನ್ನು ಕೈಯಿಂದ ಒರೆಸಿಕೊಂಡ. "ಆಸ್ಪತ್ರೆಯಲ್ಲಿದ್ದಾಗ ಹೇಳಿದ್ರು. ಮಾದವನ್ ಬರ್ತಾನೆ. ಅವನಾಗಿ ಕೇಳಿದ್ರೆ ಕೊಡು. ಕೇಳದೇ ಇದ್ರೆ ನೀನಾಗಿ ಕರೀಬೇಡ, ಅವನಿಗೆ ಕಷ್ಟ ಆಗ್ತದೆ ಅಂದ್ರು."

ಪಿಚ್ಚೈ ಒಮ್ಮೆ ಕರೆದಿದ್ದ, ಹಾಸ್ಟೆಲಿನ ಮಹಡಿಯಲ್ಲಿ, ಮತ್ತೆ ಇಡೀ ಬಾಳಿನಲ್ಲಿ ಕರೆಯಲಿಲ್ಲ. ಸಾಯುವಾಗಲೂ ಇವನ ಸಂಕೋಚಕ್ಕೊಂದು ನೆರಳು ಮಾಡಿಟ್ಟು ಹೋಗಿದ್ದಾನೆ. "ಕೇಳ್ತಾ ಇದೀನಲ್ಲಪ್ಪ" ಎಂದ ಮಾದವನ್. "ಸರಿ ಸಾರ್" ಎಂದ ಜೀವಾ, ಅಂಗಿಯನ್ನು ನೋಡಿ, "ಅಂಗಿ ಮಾತ್ರ ಬಿಚ್ಚಬೇಕಾಗ್ತದೆ."

ಹಿಂದಿನ ಎಡಗಡೆ ಅವನ ಜಾಗ. ಬಿಚ್ಚಿದ ಅಂಗಿಯನ್ನು ಯಾರೋ ಈಸಿಕೊಂಡರು. ಬೆಳ್ಳಗಿನ ಸಡಿಲ ಮೈ, ಎದೆಯ ನರೆಗೂದಲು, ಬೀದಿಯ ನಡುವೆ ಹಾಗೆ ನಿಂತಾಗ ಚಳಿಯಾದಂತಾಯಿತು. ಎತ್ತಿದರು. ಮುಂದೆ ಜೀವಾ, ಅವನ ಪಕ್ಕ ಅವನಷ್ಟೇ ಎತ್ತರದ ಕೂಟದ ಒಬ್ಬ ಯುವಕ, ಹಿಂದೆ ಬಲಗಡೆ ಹರಿಹರನ್. ಮಾದವನ್ ಹೆಗಲನ್ನು ಕೆಳಗೊಡ್ಡಿ, ಕಣ್ಣು ಮುಚ್ಚಿ, ಬರಲಿರುವ ಭಾರಕ್ಕೆ ಹಲ್ಲು ಕಚ್ಚಿದ. ಭಾರ ಬರಲಿಲ್ಲ. ಕಣ್ಣು ತೆರೆದಾಗ ಬಿದಿರು ಅವನ ಹೆಗಲಿನಿಂದ ಎರಡು ಬೆರಳು ಮೇಲಿತ್ತು. ಬೆನ್ನ ಹಿಂದೆಯೇ ಇನ್ನೊಬ್ಬ ಗಟ್ಟಿ ಆಳು ಅದೇ ಬಿದಿರಿಗೆ ಹೆಗಲು ಕೊಟ್ಟು ನಿಂತಿದ್ದ. ಹರಿಹರನ್ ಕಣ್ಸನ್ನೆಯಲ್ಲಿ ಕಳಿಸಿದ್ದಿರಬೇಕು. "ನೀವು ಹಿಡ್ಕೊಂಡು ನಡೀರಿ ಅಯ್ಯಾ, ನಾನಿದೀನಿ" ಎಂದ ಅವನು, ಕಿವಿಯ ಹತ್ತಿರ, ಅಜ್ಜನಿಗೆ ಹೇಳುವ ಹಾಗೆ. ಮೆರವಣಿಗೆ ನಡೆಯಿತು. ಹೆಂಗಸರು ಬೀದಿಯ ಕೊನೆಯಲ್ಲಿ ನಿಂತರು, ಕಲೈಸೆಲ್ವಿಯ ಕೂಗು ಹಿಂದೆ ಉಳಿಯಿತು. ಗದ್ದೆಯ ಬದುವಿನ ಮೇಲೆ ಮಾದವನ್ ತುದಿಗಾಲಲ್ಲಿ ನಡೆದು ನೋಡಿದ. ಬಿದಿರು ಒಮ್ಮೆ ಚರ್ಮಕ್ಕೆ ತಾಗಿತು, ತಣ್ಣಗೆ, ಅಷ್ಟರಲ್ಲಿ ಕಾಲು ಜಾರಿ ತತ್ತರಿಸಿದ. ಹಿಂದಿನವನು ಒಂದು ಕೈಯಲ್ಲಿ ಅವನ ರಟ್ಟೆ ಹಿಡಿದ, ಬಿದಿರು ಅಲುಗಲೂ ಇಲ್ಲ. ಬಿಡಪ್ಪಾ, ನೀನು ಪಕ್ಕಕ್ಕೆ ಹೋಗು, ಎಂದು ಹೇಳಬೇಕಿತ್ತು. ನಾಲಿಗೆಯ ಮೇಲಿತ್ತು. ಆದರೆ ಉಸಿರು ಸಾಲದಾಗಿತ್ತು, ಬದು ಮುಗಿಯುವಂತಿರಲಿಲ್ಲ, ಮತ್ತು ಎದೆಯ ತೀರ ತಳದಲ್ಲಿ, ಭಾರ ಬಾರದೆ ಇದ್ದದ್ದಕ್ಕೆ ಏನೋ ಒಂದು ಹಗುರವಾಗಿ ಕಾಲು ಚಾಚಿ ಕೂತಿತ್ತು. ಅದನ್ನು ಅವನು ಚೆನ್ನಾಗಿ ಗುರುತು ಹಿಡಿದ. ಅಂದು ಕಂಬಕ್ಕೆ ಒರಗಿ ನಿಂತಿದ್ದವನೇ ಅದು, ವಯಸ್ಸಾಗಿತ್ತು ಅಷ್ಟೇ. ಬರಿ ಕೈಯನ್ನು ಬಿದಿರಿಗೆ ಇಟ್ಟುಕೊಂಡು, ನೋಡುವವರಿಗೆ ಹೊತ್ತವನಂತೆ, ಅವನು ಗುಂಡಿಯವರೆಗೂ ನಡೆದ.

ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು. ಅವನ ಸರದಿ ಬಂದಾಗ ಪಿಚ್ಚೈಗೆ ತಮ್ಮಿಬ್ಬರ ಮಾತಿನಲ್ಲಿ ಏನಾದರೂ ಹೇಳಬೇಕೆನ್ನಿಸಿತು. ಇನ್ನು ಅದನ್ನು ಹೇಳುವುದಕ್ಕೆ ಯಾರೂ ಇಲ್ಲ. ಕೈಯಲ್ಲಿ ಮಣ್ಣು ಹಿಡಿದು ನಿಂತ. ಬಾಯಿಗೆ ಬಂದದ್ದು, ಏಳು. ಆಮೇಲೆ, ಬಾ. ಎಲ್ಲವೂ ಅಪ್ಪಣೆಗಳೇ. ಬೇರೆ ಏನೂ ಬರದೆ ಮಣ್ಣನ್ನು ಸುಮ್ಮನೆ ಬಿಟ್ಟ.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಸಾವಿನ ಮನೆಯಿಂದ ಬಂದವರು ಒಳಗೆ ಕಾಲಿಡುವ ಮುಂಚೆ ಮೀಯಬೇಕೆಂದು ಸುಬ್ಬುಲಕ್ಷ್ಮಿ ಹಿತ್ತಲಲ್ಲಿ ಹಂಡೆ ಕಾಯಿಸಿಟ್ಟಿದ್ದಳು. ಅವನು ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತ. ಅವಳು ತಂಬಿಗೆಯಲ್ಲಿ ನೀರು ಮೊಗೆದು, ಹುಯ್ಯದೆ, ಹಾಗೇ ಹಿಡಿದುಕೊಂಡು ಕೇಳಿದಳು.

"ಹೆಗಲು ಕೊಟ್ರಾ?"

ಅವಳು ಕೇಳಿದ್ದು ಎದೆಗೆ ಹೆದರಿಯೋ, ಬೀದಿಗೆ ಹೆದರಿಯೋ ಅವನಿಗೆ ತಿಳಿಯಲಿಲ್ಲ. ಹಿಂದೆ ತಿರುಗಿ ಮುಖ ನೋಡಿದ್ದರೆ ತಿಳಿಯುತ್ತಿತ್ತೇನೋ.

"ಇಲ್ಲ" ಎಂದ.

ಅದು ಸುಳ್ಳು. ಊರೆಲ್ಲ ನೋಡಿದೆ, ನಾಳೆ ಯಾರಾದರೂ ಬಂದು ಹೇಳುತ್ತಾರೆ. ಅದು ನಿಜ ಕೂಡ. ಎರಡರಲ್ಲಿ ಯಾವುದಕ್ಕಾಗಿ ತಾನು ಇಲ್ಲ ಎಂದೆ ಎಂದು ಹುಡುಕುತ್ತಿರುವಾಗಲೇ ಸುಬ್ಬುಲಕ್ಷ್ಮಿ ನೀರು ಹುಯ್ದಳು. "ನಿಮ್ಮ ಮೈಗೆ ಆಗಲ್ಲ, ಒಳ್ಳೇದೇ ಆಯ್ತು" ಎಂದಳು. ಇನ್ನೊಂದು ತಂಬಿಗೆ, ಮತ್ತೊಂದು. ಬಿಸಿನೀರು ತಲೆಯಿಂದ ಕುತ್ತಿಗೆಗೆ, ಬೆನ್ನಿಗೆ ಇಳಿಯಿತು. ಅವನು ತಲೆ ತಗ್ಗಿಸಿ ಕೂತು, ಅವಳು ಇನ್ನೊಂದು ಸಲ ಕೇಳಲಿ ಎಂದು ಕಾದ. ಅವಳು ಕೇಳಲಿಲ್ಲ.